ಎರಡನೆಯ ಬಾಯಿ

ಯಾವ ಸೀರೆ ಉಡುತ್ತೀ ಎಂದು ಗಂಡ ಬೆಳಗಿನಿಂದ ಮತ್ತೆ ಮತ್ತೆ ಕೇಳುತ್ತಿದ್ದಾಗ ವಸುಮತಿ ಮೆಟ್ಟುಕತ್ತಿಯ ಮೇಲೆ ಕೂತು ತೊಂಡೆಕಾಯಿ ಸೀಳುತ್ತಿದ್ದಳು. ಮದುವೆಯಾದಂದಿನಿಂದ ಅವಳು ಉಟ್ಟದ್ದು ಕೆಂಪೋ ಹಸುರೋ ಎಂದು ಕಣ್ಣೆತ್ತಿ ನೋಡಿದ ಮನುಷ್ಯನಲ್ಲ. ಇವತ್ತು ಸಂಜೆ ಶಾಲೆಯ ಸಭೆಯಲ್ಲಿ ಜರ್ಮನ್ ಪಾದ್ರಿಯ ಎದುರು ಅವಳನ್ನು ನಿಲ್ಲಿಸಿ ಮಾತಾಡಿಸಬೇಕಾಗಿದೆ, ಹಾಗಾಗಿ ಹೆಂಡತಿಗೆ ಮೈಯಿದೆ, ಮೈಗೆ ಸೀರೆ ಬೇಕು ಎಂಬುದು ನೆನಪಾಯಿತು. "ಉಟ್ಟೇ ಬರ್ತೇನೆ, ಹೆದರ್ಬೇಡಿ" ಎಂದಳು. ಅವರಿಗೆ ಅದರ ಮೊನೆ ತಾಗಲಿಲ್ಲ. "ನಾಲ್ಕು ಮಾತು ಸಾಕು. ನಾನು ಕೇಳುದು, ನೀನು ಹೇಳುದು. ಮನೆ, ನೀರು, ಅನ್ನ, ಅಷ್ಟೇ" ಎಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಬರುತ್ತೇನೆ ಎಂದದ್ದನ್ನು ಮಾತಾಡುತ್ತೇನೆ ಎಂದೇ ತಿಳಿದುಕೊಂಡು ಹಗುರಾಗಿ ಒಳಗೆ ಹೋದ ಅವರ ಬೆನ್ನು ನೋಡುತ್ತ ಅವಳು ತೊಂಡೆಕಾಯಿಯ ಬದಲು ಬೆರಳು ಸೀಳಿಕೊಂಡಳು.

ಪರಮೇಶ್ವರ ಭಟ್ಟರು ಪುತ್ತೂರಿನಲ್ಲಿ ಹೈಸ್ಕೂಲು ಮಾಷ್ಟ್ರು, ಈ ಮಾರ್ಚಿಗೆ ಪೆನ್ಶನ್ನು. ಹುಡುಗರಿಗೆ ಇಂಗ್ಲಿಷು ಕಲಿಸಿದ್ದು ಸಂಬಳಕ್ಕೆ. ಪ್ರಾಣ ಇಟ್ಟದ್ದು ಬೇರೆ ಕಡೆ. ಮಂಗಳೂರಿನಲ್ಲಿ ಓದುವ ಕಾಲಕ್ಕೆ ಮಿಶನ್ನಿನ ಯಾರೋ ಮುದುಕನಿಂದ ಜರ್ಮನ್ ಕಲಿತರು. ಇಂಗ್ಲಿಷು, ಜರ್ಮನ್ನು, ಡಚ್ಚು ಎಲ್ಲ ಒಂದೇ ತಾಯಿಯ ಮಕ್ಕಳೆಂದು ತಿಳಿಯಿತು. ಮಕ್ಕಳೊಳಗಿನ ಜಗಳವನ್ನು ತೆಗೆದುಹಾಕಿ, ಯಾರು ಬೇಕಾದರೂ ಒಂದು ಮಳೆಗಾಲದಲ್ಲಿ ಕಲಿತು ಬಿಡಬಹುದಾದ ಹೊಸ ಭಾಷೆಯೊಂದನ್ನು ಕಟ್ಟಿದರು. ಬೇರು ಶಬ್ದಗಳು ಒಂದು ಹಿಡಿಯಷ್ಟು. ಉಳಿದದ್ದೆಲ್ಲ ಪ್ರತ್ಯಯ: ಒಂದು ಶಬ್ದದ ಹಿಂದೆ ಇದನ್ನು ಅಂಟಿಸಿದರೆ ಸಣ್ಣದು, ಅದನ್ನು ಅಂಟಿಸಿದರೆ ಇಲ್ಲದ್ದು, ಮತ್ತೊಂದನ್ನು ಅಂಟಿಸಿದರೆ ಹೆಣ್ಣು. 'ಮಾನ್' ಎಂದರೆ ಗಂಡಸು, 'ಇನ್' ಅಂಟಿಸಿದರೆ 'ಮಾನಿನ್', ಹೆಂಗಸು. ಹೆಂಗಸಿಗೆ ಅವಳದೇ ಒಂದು ಶಬ್ದ ಇಲ್ಲವಾ ಎಂದು ವಸುಮತಿ ಕೇಳಿದಾಗ, ಬೇರು ಹೆಚ್ಚಾದರೆ ಕಲಿಯುವವರಿಗೆ ಕಷ್ಟ ಎಂದರು. ಭಾಷೆ ತಿಳಿಯದೆ ಯುರೋಪಿನವರು ಎರಡೆರಡು ಯುದ್ಧ ಮಾಡಿ ಸತ್ತರು, ಇದೊಂದಿದ್ದರೆ ಸಾಯುತ್ತಿರಲಿಲ್ಲ ಎನ್ನುವುದು ಅವರ ಗಟ್ಟಿ ನಂಬಿಕೆ. ಒಂದೇ ಭಾಷೆ ಆಡುವ ಅತ್ತೆ ಸೊಸೆ ಒಂದೇ ಅಡಿಗೆಮನೆಯಲ್ಲಿ ಎಷ್ಟು ಯುದ್ಧ ಮಾಡುತ್ತಾರೆ ಎಂದು ನೋಡಲು ಯುರೋಪಿಗೆ ಹೋಗಬೇಕಾಗಿರಲಿಲ್ಲ. ಆದರೆ ಅಡಿಗೆಮನೆ ಅವರಿಗೆ ಯುರೋಪಿಗಿಂತ ದೂರ. ಪ್ರತ್ಯಯಕ್ಕೆ ವಸುಮತಿ ಬಾಲ ಎಂದೇ ಹೇಳುವುದು. ಅದನ್ನು ಒಂದು ದಿನ ಬೇಲಿಯಾಚೆಯ ಮೈಮೂನಮ್ಮನಲ್ಲಿ ನಗುತ್ತ ಆಡಿದ್ದು, ಮೈಮೂನಮ್ಮ ಗಂಡನಿಗೆ ಹೇಳಿದ್ದು, ಗಂಡನ ಅಂಗಡಿಯಿಂದ ಅದು ಬಸ್‌ಸ್ಟ್ಯಾಂಡಿಗೆ ಇಳಿದದ್ದು, ಕೊನೆಗೆ ಹುಡುಗರು ಕರಿಹಲಗೆಯ ಮೇಲೆ 'ಬಾಲದ ಮಾಷ್ಟ್ರು' ಎಂದು ಬರೆದದ್ದು. ಭಟ್ಟರು ಬಂದು, ಯಾರು ಈ ಹೆಸರು ಇಟ್ಟದ್ದೋ ಏನೋ, ಪೇಟೆಯವರಿಗೆ ಬೇರೆ ಕೆಲಸ ಇಲ್ಲ ಎಂದು ಕಾಫಿ ಕುಡಿದಿದ್ದರು. ಅವಳು ಲೋಟ ತೊಳೆಯಲು ಹೋಗಿದ್ದಳು.

"ವಸುಮತಿಯಮ್ಮಾ" ಎಂದು ಬೇಲಿಯಾಚೆಯಿಂದ ಕರೆದದ್ದು ಮೈಮೂನಮ್ಮನೇ. ಬೆರಳಿಗೆ ಬಟ್ಟೆ ಸುತ್ತಿಕೊಂಡು ವಸುಮತಿ ಹಿಂದಿನ ಅಂಗಳಕ್ಕೆ ಬಂದಳು. "ಇವತ್ತು ನಿಮ್ಮ ಭಟ್ರು ದೊರೆಯ ಎದುರು ಮಾತಾಡ್ಲಿಕ್ಕೆ ಉಂಟಂತೆ? ನಮ್ಮವರು ಅಂಗಡಿ ಬೇಗ ಮುಚ್ಚಿ ಹೋಗ್ತಾರಂತೆ ನೋಡ್ಲಿಕ್ಕೆ."

"ನಾನೂ ಮಾತಾಡ್ಲಿಕ್ಕೆ ಉಂಟು."

"ಅಲ್ಲಾ! ನೀವಾ? ಆ ಬಾಲದ ಭಾಷೆಯಾ?" ಮೈಮೂನಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡು ನಕ್ಕಳು. "ನಾವು ಮನೆಯಲ್ಲಿ ಬ್ಯಾರಿ ಆಡುದು, ಸಂತೆಯಲ್ಲಿ ತುಳು, ಮಕ್ಕಳ ಮಾಷ್ಟ್ರ ಹತ್ರ ಕನ್ನಡ, ಕಾಸರಗೋಡಿನ ನೆಂಟರು ಬಂದ್ರೆ ಮಲಯಾಳ. ನಮಾಜಿಗೆ ಅರಬ್ಬಿ. ಇದ್ದದ್ದು ಸಾಲದು ಅಂತ ನಿಮ್ಮ ಭಟ್ರು ಇನ್ನೊಂದು ಮಾಡಿದ್ರಾ ಮಾರಾಯ್ತಿ? ಅದ್ರಲ್ಲಿ ಬಯ್ಲಿಕ್ಕೆ ಆಗ್ತದಾ?"

"ಬೈಗುಳ ಮಾಡ್ಲಿಲ್ಲ ಅವ್ರು."

"ಹಾಗಾದ್ರೆ ಅದು ಯಾರಿಗೂ ಬೇಡ" ಎಂದಳು ಮೈಮೂನಮ್ಮ. "ನಿಮಗೆ ಯಾವಾಗ ಕಲಿಸಿದ್ದು ಅವ್ರು? ನಾನು ಇಷ್ಟು ವರ್ಷ ಇಲ್ಲೇ ಇದ್ದೇನೆ, ನೀವಿಬ್ರು ಕೂತು ಮಾತಾಡಿದ್ದು ಒಂದು ದಿನ ಕಾಣ್ಲಿಲ್ಲ."

ಕೂತು ಮಾತಾಡಿದ್ದಿಲ್ಲ. ಅದು ನಿಜ. ಬಚ್ಚಲ ಬದಿಯ ಸಣ್ಣ ಜಗಲಿಯನ್ನು ವಸುಮತಿ ನೋಡಿದಳು. ಸೆಗಣಿ ಸಾರಿಸಿದ್ದು ಬಿರುಕು ಬಿಟ್ಟಿದೆ. ಮುಟ್ಟಾದ ಮೂರು ದಿನ ಅಲ್ಲಿ ಕೂರುವುದು. ಬೇರೆ ಚಾಪೆ, ಬೇರೆ ಬಟ್ಟಲು. ಅತ್ತೆ ದೇವಕಿಯಮ್ಮ ಊಟ ತಂದು ದೂರದಿಂದ ಇಟ್ಟು ಹೋಗುವರು. ಮದುವೆಯಾಗಿ ಐವರ್ನಾಡಿನಿಂದ ಬಂದ ಹೊಸತರಲ್ಲಿ, ಆ ಜಗಲಿಯ ಮೇಲೆ ಮೊಣಕಾಲಿಗೆ ಗಲ್ಲ ಕೊಟ್ಟು ಕೂತವಳ ಎದುರು, ಅಂಗಳದ ಆಚೆ ತುದಿಯಲ್ಲಿ ಗಂಡ ಬಂದು ನಿಂತರು. ಕೈಯಲ್ಲಿ ಒಂದು ಕೋಲು. ಉಳಿದ ದಿನ ಅವಳು ಅಡಿಗೆಮನೆಯವಳು, ಅತ್ತೆಯವಳು, ಬಾವಿಯವಳು. ಹಗಲು ಹೊತ್ತು ಗಂಡ ಹೆಂಡತಿ ನಿಂತು ಮಾತಾಡುವುದು ಆ ಮನೆಯಲ್ಲಿ ನಾಚಿಕೆಯ ಸಂಗತಿ. ಹೊರಗೆ ಕೂತವಳಿಗೆ ಮಾತ್ರ ಕೆಲಸವಿಲ್ಲ. ಪುಸ್ತಕ ಮುಟ್ಟಿಸುವ ಹಾಗಿಲ್ಲ. ಹಾಗಾಗಿ ಅವರು ಅಂಗಳದ ಮಣ್ಣಿನ ಮೇಲೆ ಕೋಲಿನಿಂದ ಬರೆದರು, ದೊಡ್ಡ ದೊಡ್ಡದಾಗಿ, ಅವಳಿಗೆ ಅಲ್ಲಿಂದಲೇ ಕಾಣುವ ಹಾಗೆ. ಹೌಸ್, ಮನೆ. ವಾಸರ್, ನೀರು. ಮರುದಿನ ಬೆಳಿಗ್ಗೆ ದೇವಕಿಯಮ್ಮ ಹಿಡಿಸೂಡಿಯಲ್ಲಿ ಗುಡಿಸಿ ಹಾಕುವರು. "ಎಂತ ಮಾರಾಯಾ ಇದು, ನನ್ನ ಅಂಗಳದಲ್ಲಿ ಕೋಳಿ ಕೆದರಿದ ಹಾಗೆ?" ಭಟ್ಟರು ಮಾತಾಡುವವರಲ್ಲ. ನಾಲ್ಕನೆಯ ದಿನ ಅವಳು ಮಿಂದು ಒಳಗೆ ಬಂದರೆ ಪಾಠ ಮುಗಿಯಿತು, ಮತ್ತೆ ಕಾಫಿಗೆ ಸಕ್ಕರೆ ಸಾಲದು, ಅಂಗಿಯ ಗುಂಡಿ ಹೋಗಿದೆ ಎನ್ನುವ ಕನ್ನಡ. ಮುಂದಿನ ತಿಂಗಳು ಹೊರಗೆ ಕೂತಾಗ ಮತ್ತೆ ಕೋಲು.

ಆ ಭಾಷೆಯಲ್ಲಿ ನೀವು ಎನ್ನುವುದಿಲ್ಲ, ಎಲ್ಲರಿಗೂ 'ದು', ನೀನು. ದೇವರಿಗೂ ನಾಯಿಗೂ ಗಂಡನಿಗೂ. ಮೊದಲ ಸಲ ಅವಳು ಗಂಡನನ್ನು 'ದು' ಎಂದದ್ದು ಒಂದು ಮಧ್ಯಾಹ್ನ, ಅತ್ತೆ ಒಳಗೆ ಮಲಗಿದ್ದಾಗ. ಎಂದ ಮೇಲೆ ಮೈಯೆಲ್ಲ ಬಿಸಿಯಾಯಿತು. ಭಟ್ಟರ ಕಿವಿ ಕೂಡ ಕೆಂಪಾಗಿತ್ತು. ಅವರು ಕೋಲಿನ ತುದಿಯನ್ನು ನೋಡುತ್ತ, ಸರಿ, ಸರಿಯಾಯಿತು ಎಂದರು. ಆಮೇಲೆ ಅವಳು ತಿಂಗಳು ಎಣಿಸುತ್ತಿದ್ದಳು, ಮನೆಯಲ್ಲಿ ಎಲ್ಲರೂ ಎಣಿಸುತ್ತಿದ್ದರು. ಅತ್ತೆ ಎಣಿಸುತ್ತಿದ್ದದ್ದು ಅವಳು ಹೊರಗೆ ಕೂರದಿರಲಿ ಎಂದು. ಪ್ರತಿ ಸಲ ಜಗಲಿಗೆ ಚಾಪೆ ಬಿದ್ದಾಗ ದೇವಕಿಯಮ್ಮನ ಮುಖ ಸಣ್ಣದಾಗುವುದು, ಅಂಗಳದಲ್ಲಿ ಶಬ್ದಗಳು ಹೆಚ್ಚುವುದು. ಒಂದು ದಿನ ಬಾವಿಕಟ್ಟೆಯಿಂದ ಎಲ್ಲರಿಗೂ ಕೇಳುವ ಹಾಗೆ ಅವರು ಹೇಳಿದರು: "ನಿಮ್ಮಿಬ್ಬರಿಗೆ ಭಾಷೆ ಹುಟ್ಟಿತಲ್ಲ, ಸಾಕು. ಇನ್ನು ಎಂತ ಹುಟ್ಟುದು?" ಭಟ್ಟರು ಆಗ ಇಲ್ಲದ್ದನ್ನು ಹೇಳುವ ಬಾಲ ಕಲಿಸುತ್ತಿದ್ದರು. ಲಾಸ್. ವಾಸರ್‌ಲಾಸ್, ನೀರಿಲ್ಲದ ಬಾವಿ. ಹೌಸ್‌ಲಾಸ್, ಮನೆಯಿಲ್ಲದವ. ಅಮ್ಮನ ಮಾತು ಕೇಳಿಸಿಯೂ ಕೇಳಿಸದವರ ಹಾಗೆ ಟೊಪ್ಪಿಯಿಲ್ಲದವ, ಹಲ್ಲಿಲ್ಲದವ ಎಂದು ಮುಂದುವರಿಸಿದರು. ಕಿಂಡ್ ಎಂದರೆ ಮಗು ಎಂದು ಅವಳಿಗೆ ಆ ಮೊದಲೇ ಗೊತ್ತಿತ್ತು. ಅವರು ಅಂಟಿಸದೆ ಬಿಟ್ಟದ್ದನ್ನು ಅವಳು ಬಾಯೊಳಗೇ ಅಂಟಿಸಿ ನುಂಗಿದಳು.

"ಎಂತ ಯೋಚನೆ?" ಎಂದು ಮೈಮೂನಮ್ಮ ಕೇಳುತ್ತಿದ್ದಳು. "ಮಾತಾಡ್ಲಿಕ್ಕೆ ಮನಸ್ಸಿಲ್ಲದಿದ್ರೆ ತಲೆನೋವು ಅಂತ ಮಲಗಿ ಬಿಡಿ. ಗಂಡಸರ ಆಟಕ್ಕೆ ನಾವು ಯಾಕೆ ಕುಣಿಯುದು?"

ಮಲಗಿ ಬಿಟ್ಟರೆ ಏನಾಗುತ್ತದೆಂದು ವಸುಮತಿಗೆ ಗೊತ್ತು. ಕಳೆದ ತಿಂಗಳು ಭಟ್ಟರು ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಆ ಪಾದ್ರಿಯನ್ನು ಕಂಡಿದ್ದರು. ಭಾಷೆಗಳ ವಿಷಯ ತಿಳಿದ ಮನುಷ್ಯ, ತುಳುವಿನ ಶಬ್ದ ಕೇಳುತ್ತ ಸುಳ್ಯದ ಕಡೆಯೆಲ್ಲ ತಿರುಗುತ್ತಾನಂತೆ. ಅವನು ಎಲ್ಲವನ್ನೂ ಕೇಳಿ, ಒಬ್ಬನೇ ಆಡಿದರೆ ಅದು ಭಾಷೆಯಲ್ಲ, ಎರಡನೆಯ ಬಾಯಿ ತೋರಿಸಿ, ಆಗ ನಮ್ಮ ದೇಶದ ಪಂಡಿತರಿಗೆ ನಾನೇ ಹೇಳುತ್ತೇನೆ ಎಂದನಂತೆ. ಭಟ್ಟರು ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ ಅವಳ ಮುಖ ನೋಡಿದ್ದರು. ಎಷ್ಟೋ ಕಾಲದ ಮೇಲೆ. ಅತ್ತೆ ಸತ್ತು ವರ್ಷಗಳಾಗಿದ್ದರೂ ಜಗಲಿಯ ಪದ್ಧತಿ ಹಾಗೇ ನಡೆದಿತ್ತು. ಹೋದ ವರ್ಷ ಅವಳ ಮುಟ್ಟು ನಿಂತಿತು, ಅಲ್ಲಿಗೆ ಕೋಲೂ ನಿಂತಿತು. ಮನೆಯೊಳಗೆ ಬಂದು, ಇನ್ನು ಒಳಗೇ ಮಾತಾಡುವ ಎಂದು ಅವರಿಗೆ ಒಂದು ದಿನವೂ ಅನಿಸಲಿಲ್ಲ. ಈಗ ಪಾದ್ರಿಗೆ ಬೇಕಾದಾಗ ಬಾಯಿ ಬೇಕಾಯಿತು. ಅವಳು ಸಭೆಯಲ್ಲಿ ಸುಮ್ಮನೆ ನಿಂತರೆ ಸಾಕು, ಪೇಟೆ ಈತನಕ ನಕ್ಕದ್ದೆಲ್ಲ ನ್ಯಾಯವೇ ಆಗಿಬಿಡುತ್ತದೆ. ಭಟ್ಟರು ಮತ್ತೆ ಬಸ್‌ಸ್ಟ್ಯಾಂಡಿನ ಕಡೆ ತಲೆಯೆತ್ತಿ ನಡೆಯಲಾರರು. ಅಷ್ಟು ಅವಳ ಕೈಯಲ್ಲಿದೆ ಎನ್ನುವುದು ಬೆಲ್ಲದ ತುಂಡಿನ ಹಾಗೆ ಅವಳ ನಾಲಗೆಯ ಕೆಳಗೆ ದಿನಗಳಿಂದ ಕರಗುತ್ತಿತ್ತು.

ಸಂಜೆ ಅವಳು ನೀಲಿ ಸೀರೆ ಉಟ್ಟಳು. ಅವರು ನೋಡಲಿಲ್ಲ. ಅಂಗಿಗೆ ಇಸ್ತ್ರಿ ಹಾಕಿ, ಕೊಡೆ ಹಿಡಿದು, ಅವಳಿಗಿಂತ ಮುಂದೆ ಮುಂದೆ ನಡೆದರು. ಶಾಲೆಯ ಸಭೆಯಲ್ಲಿ ಬೆಂಚುಗಳು ತುಂಬಿದ್ದವು. ಅಡಿಕೆ ವ್ಯಾಪಾರದವರು, ಮಾಷ್ಟ್ರುಗಳು, ಕೋರ್ಟಿನ ಗುಮಾಸ್ತರು. ಚೀನಾದ ಯುದ್ಧ ಮುಗಿದು ಮಾತಾಡಲು ವಿಷಯವಿಲ್ಲದೆ ಕೂತಿದ್ದ ಪೇಟೆಗೆ ಇದೊಂದು ಆಟ ಸಿಕ್ಕಿದೆ. ಹೆಂಗಸರೆಂದರೆ ಅವಳೊಬ್ಬಳೇ. ಸಭೆ ಕರೆದಿದ್ದ ಪೇಟೆಯ ಸಂಘದ ಕಾರ್ಯದರ್ಶಿ ಮಹಾಬಲ ಮಾಷ್ಟ್ರು ಸ್ವಾಗತ ಮಾಡುತ್ತ, "ನಮ್ಮ ಭಟ್ರ ಭಾಷೆಗೆ ಇವತ್ತು ಉಪನಯನ. ಇಷ್ಟು ದಿನ ಬಾಯಿ ಬಿಡದ ವಟು ಇವತ್ತಾದ್ರೂ ಬಾಯಿ ಬಿಡ್ತಾನಾ ನೋಡುವ" ಎಂದರು. ಬೆಂಚುಗಳು ನಕ್ಕವು. ಭಟ್ಟರೂ ನಕ್ಕರು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆ ನಗೆ ನೋಡಿ ವಸುಮತಿಗೆ ಹೇಸಿಗೆಯಾಯಿತು. ತನ್ನನ್ನೇ ಹಿಡಿದು ಹಿಂಡುತ್ತಿದ್ದರೂ ಜೊತೆಗೆ ನಗುವ ಮನುಷ್ಯ. ಇವರ ಬದಲು ಒಮ್ಮೆ ಸಿಟ್ಟಾಗುವವನನ್ನು ಕಟ್ಟಿಕೊಂಡಿದ್ದರೆ ಜಗಳವಾದರೂ ಆಗುತ್ತಿತ್ತು. ಪಾದ್ರಿ ಮುಂದಿನ ಕುರ್ಚಿಯಲ್ಲಿ ಟೊಪ್ಪಿಯನ್ನು ತೊಡೆಯ ಮೇಲಿಟ್ಟು ಕೂತಿದ್ದ. ತೆಳ್ಳಗೆ, ಬೆವರಿ ಕೆಂಪಾಗಿ, ಬೇಯಿಸಿ ಸಿಪ್ಪೆ ತೆಗೆದ ಗೆಣಸಿನ ಹಾಗೆ. ಅವನು ನಗಲಿಲ್ಲ ಎನ್ನುವುದನ್ನು ಅವಳು ಗಮನಿಸಿದಳು.

ಭಟ್ಟರು ಮೊದಲು ತಾವೇ ವಿವರಿಸಿದರು. ಕೋಲಿನ ಬದಲು ಇಲ್ಲಿ ಸೀಮೆಸುಣ್ಣ. ಒಂದೊಂದು ಬಾಲ ಬರೆದಾಗಲೂ ಅವರ ಬೆನ್ನು ನೆಟ್ಟಗಾಗುತ್ತ ಬಂತು, ಧ್ವನಿ ದೊಡ್ಡದಾಯಿತು, ಹಿಂದಿನ ಬೆಂಚಿನವರು ಬಾಲ ಬಾಲ ಎಂದು ಪಿಸುಗುಟ್ಟಿದ್ದು ಅವರಿಗೆ ಕೇಳಿಸಲಿಲ್ಲ. ಕೊನೆಗೆ ಹಲಗೆಯ ಮೂಲೆಯಲ್ಲಿ ಅವರು ಬರೆದದ್ದು 'ಅಬ್'. ಶುರುವಾಗಿ ಮುಗಿಯದೇ ಹೋದದ್ದಕ್ಕೆ ಇದು ಎಂದರು. ಅರ್ಧ ಕಟ್ಟಿ ಬಿಟ್ಟ ಮನೆ, ಹೌಸಬ್. ವಸುಮತಿಯ ಸೀಳಿದ ಬೆರಳು ಬಟ್ಟೆಯೊಳಗೆ ದಡದಡ ಹೊಡೆದುಕೊಂಡಿತು.

ಅತ್ತೆ ಇದ್ದ ಕಾಲದಲ್ಲಿ ಒಂದು ವರ್ಷ ಅವಳು ಮೂರು ತಿಂಗಳು ಹೊರಗೆ ಕೂರಲಿಲ್ಲ. ದೇವಕಿಯಮ್ಮ ಅವಳಿಗೆ ತುಪ್ಪ ಬಡಿಸಿದರು, ಬಾವಿಯ ಕೊಡ ಮುಟ್ಟಬೇಡ ಎಂದರು, ಮೊದಲ ಸಲ ಮಗಳೇ ಎಂದರು. ಭಟ್ಟರು ಅಂಗಳಕ್ಕೆ ಬರುವ ಕಾರಣವೇ ಇರಲಿಲ್ಲ. ಮನೆಯೊಳಗೆ ಅವಳನ್ನು ಕಂಡರೆ ದಾರಿಬಿಟ್ಟು ಸರಿಯುತ್ತಿದ್ದರು, ತುಂಬಿದ ಕೊಡಪಾನಕ್ಕೆ ತಾಗೀತು ಎನ್ನುವ ಹಾಗೆ. ಒಂದು ಮಧ್ಯಾಹ್ನ ಅವಳು ಸುಮ್ಮನೆ ಹೋಗಿ ಆ ಜಗಲಿಯ ಮೇಲೆ ಕೂತಿದ್ದಳು. ಅಂಗಳ ಖಾಲಿ, ಗುಡಿಸಿದ ಗೆರೆಗಳು ಮಾತ್ರ. ಇದು ಬೇಡವಿತ್ತು ಎಂದು ಒಂದು ಮಾತು ಎಲ್ಲಿಂದಲೋ ಬಂದು ಮನಸ್ಸಿನಲ್ಲಿ ಕೂತಿತು. ಒಂದೇ ಸಲ. ಆ ವಾರವೇ ಬಸಿರು ಹೋಯಿತು. ಆ ಸಲ ಹೊರಗೆ ಕೂರುವ ದಿನಗಳು ಹೆಚ್ಚು. ಅತ್ತೆ ಊಟವನ್ನು ಇಡಲಿಲ್ಲ, ಎಸೆದ ಹಾಗೆ ದೂಡಿದರು. ಎರಡನೆಯ ದಿನ ಭಟ್ಟರು ಕೋಲು ಹಿಡಿದು ಬಂದರು. ಅವರ ಕಣ್ಣು ಹೊಳೆಯುತ್ತಿತ್ತು. ಹೊಸದೊಂದು ಪ್ರತ್ಯಯ ಮಾಡಿದ್ದೇನೆ ಎಂದರು. ಶುರುವಾಗಿ ಮುಗಿಯದೇ ಹೋದದ್ದಕ್ಕೆ. ಹೌಸಬ್, ಅರ್ಧಕ್ಕೆ ಬಿಟ್ಟ ಮನೆ. ಅವಳು ಆ ಹೊಳಪನ್ನು ನೋಡಿದಳು. ಈ ಮನುಷ್ಯನಿಗೆ ಸಂತೋಷವಾಗಿದೆ, ತನ್ನ ಪಾಠ ಮತ್ತೆ ಸಿಕ್ಕಿತಲ್ಲ ಎಂದು ಇವನಿಗೆ ಸಂತೋಷವಾಗಿದೆ ಎಂದು ಅವಳಿಗೆ ಅನಿಸಿದ್ದು ಆಗ. ಅಂದಿನಿಂದ ಬಡಿಸಿದ ಪ್ರತಿ ಊಟದ ಹಿಂದೆ, ತೊಳೆದ ಪ್ರತಿ ಲೋಟದ ಹಿಂದೆ ಅದು ಇತ್ತು. ಆದರೂ ಅವಳು ಎದ್ದು ಮುಖ ತಿರುಗಿಸಲಿಲ್ಲ. ಹೌಸಬ್ ಎಂದು ಹೇಳಿದಳು. ಮರುದಿನ ಕೋಲು ಬರುತ್ತದೆಯೋ ಇಲ್ಲವೋ ಎಂದು ಬಿಸಿಲು ಇಳಿಯುವುದನ್ನು ಕಾದಳು. ಗಂಡನ ಮೇಲೆ ಇಟ್ಟ ತಿರಸ್ಕಾರದಲ್ಲಿ ಈ ಕಾದದ್ದನ್ನು ಎಲ್ಲಿ ಇಡಬೇಕೆಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

"ಬನ್ನಿ" ಎಂದು ಮಹಾಬಲ ಮಾಷ್ಟ್ರು ಕರೆದರು. ಅವಳು ಎದ್ದು ಹೋಗಿ ನಿಂತಳು. ಭಟ್ಟರು ಅಭ್ಯಾಸದಂತೆ ದೂರ, ಹಲಗೆಯ ಆ ತುದಿಯಲ್ಲೇ ನಿಂತರು; ನಡುವೆ ಒಂದು ಅಂಗಳದಷ್ಟು ಜಾಗ. ನಿನ್ನ ಮನೆ ಹೇಗಿದೆ ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ಅವಳು ಉತ್ತರಿಸಲಿಲ್ಲ. ಮತ್ತೆ ಕೇಳಿದರು. ಹಿಂದಿನಿಂದ ಯಾರೋ, "ಬಾಲ ಸಿಕ್ಕಿಕೊಂಡಿತು ಮಾರಾಯ್ರೆ!" ಎಂದರು. ಸಭೆ ಹೋ ಎಂದು ನಕ್ಕಿತು. ಭಟ್ಟರೂ ನಗಲು ಬಾಯಿ ಮಾಡಿದರು. ಆ ಬಾಯಿ ಅರ್ಧಕ್ಕೆ ನಿಂತದ್ದನ್ನು ನೋಡಿ ವಸುಮತಿ ಸ್ಪಷ್ಟವಾಗಿ, ಮೆಲ್ಲಗೆ ಹೇಳಿದಳು:

"ಕಿಂಡಬ್."

ಭಟ್ಟರ ಕೈಯ ಸೀಮೆಸುಣ್ಣ ಬಿತ್ತು.

"ಬ್ಲೂಡ್. ಉಂಡ್ ದು ವಾಸ್ ಫ್ರೋ" ಎಂದಳು. ಮುಗಿಯದೇ ಹೋದ ಮಗು. ರಕ್ತ. ನೀನು ಸಂತೋಷವಾಗಿದ್ದೆ. ಬೆಂಚುಗಳಿಗೆ ಏನೂ ತಿಳಿಯಲಿಲ್ಲ. ಭಟ್ಟರ ಹೆಂಡತಿ ನಿಜಕ್ಕೂ ಏನೋ ಆಡುತ್ತಿದ್ದಾಳೆ ಎನ್ನುವ ಬೆರಗಿಗೆ ನಗು ನಿಂತಿತು. ಪಾದ್ರಿ ಮಾತ್ರ ತೊಡೆಯ ಮೇಲಿನ ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ತಾಯಿನುಡಿಯ ಶಬ್ದಗಳು ಅವು, ಪೂರ್ತಿಯಲ್ಲದಿದ್ದರೂ ಅವನನ್ನು ಹೋಗಿ ತಾಗಿದವು.

"ಅಮ್ಮ ಏನು ಹೇಳಿದ್ರು, ಭಟ್ರೇ? ನಮಗೂ ಕನ್ನಡದಲ್ಲಿ ಹೇಳಿ" ಎಂದರು ಮಹಾಬಲ ಮಾಷ್ಟ್ರು.

ಭಟ್ಟರು ಸಭೆಯ ಕಡೆ ತಿರುಗಿದರು. "ಮನೆ ಚೆನ್ನಾಗಿ ಉಂಟು, ಬಾವಿಯಲ್ಲಿ ನೀರು ಧಾರಾಳ ಉಂಟು, ಬಂದ ಅತಿಥಿಗಳನ್ನು ಕಂಡು ಸಂತೋಷವಾಯಿತು ಅಂತ ಹೇಳ್ತಿದ್ದಾಳೆ" ಎಂದರು.

ಸಭೆ ಚಪ್ಪಾಳೆ ಹೊಡೆಯಿತು. ಹಿಂದಿನ ಬೆಂಚಿನವನೇ ಎಲ್ಲರಿಗಿಂತ ಜೋರಾಗಿ ಹೊಡೆದ. ವಸುಮತಿ ಗಂಡನ ಮುಖ ನೋಡಿದಳು. ಸುಳ್ಳು ಹೇಳುವಾಗ ಬೆವರುವ, ಬೂದಿಯ ಬಣ್ಣಕ್ಕೆ ತಿರುಗಿದ ಈ ಮುಖಕ್ಕೆ ಅವಳು ಇಷ್ಟು ವರ್ಷ ಕಾದಿಟ್ಟ ಏಟು ಬಿದ್ದಾಗಿತ್ತು. ಇಲ್ಲಿಗೆ ನಿಲ್ಲಿಸಿ ಹೋಗಿ ಕೂರಬಹುದಿತ್ತು. ಖಾಲಿ ಅಂಗಳದ ಗುಡಿಸಿದ ಗೆರೆಗಳು ಕಣ್ಣಿಗೆ ಬಂದವು. ಬಾಯಿ ತಾನೇ ತೆರೆಯಿತು.

"ಇಕ್ ಓಕ್" ಎಂದಳು. ನಾನು ಕೂಡ.

ಚಪ್ಪಾಳೆ ನಿಂತು ಎಲ್ಲರೂ ಕನ್ನಡಕ್ಕಾಗಿ ಭಟ್ಟರ ಕಡೆ ತಿರುಗಿದರು. ಅವರ ತುಟಿ ಅಲ್ಲಾಡಿತು. ಬಾವಿಯ ನೀರು, ಅತಿಥಿಗಳು, ಏನೂ ಒದಗಲಿಲ್ಲ. ಬಿದ್ದ ಸೀಮೆಸುಣ್ಣವನ್ನು ಬಗ್ಗಿ ಹೆಕ್ಕಿಕೊಂಡು, "ಅಷ್ಟೇ" ಎಂದರು.

ಪಾದ್ರಿ ಹೊರಡುವ ಮುಂಚೆ ಅವಳ ಹತ್ತಿರ ಬಂದು ಕೈ ಜೋಡಿಸಿದ. ಹಳೆಯ ಪುಸ್ತಕಗಳಿಂದ ಕಲಿತ ಕನ್ನಡ ಅವನದು. "ಅಮ್ಮನವರೇ, ನನಗೆ ಎಲ್ಲವೂ ತಿಳಿಯಲಿಲ್ಲ. ತಿಳಿದಷ್ಟಕ್ಕೆ ಕ್ಷಮೆಯನ್ನು ಬೇಡುತ್ತೇನೆ." ಭಟ್ಟರ ಕಡೆ ತಿರುಗಿ, ಇದು ಭಾಷೆ, ನಾನು ಒಪ್ಪಿದೆ ಎಂದ. ಆಯುಷ್ಯವಿಡೀ ಬೇಕಾಗಿದ್ದ ಆ ಮಾತನ್ನು ಭಟ್ಟರು ಅಂಗಡಿಯವನು ಕೊಟ್ಟ ಚಿಲ್ಲರೆಯ ಹಾಗೆ ನೋಡದೆ ತೆಗೆದುಕೊಂಡರು.

ಮನೆಗೆ ನಡೆಯುವಾಗ ಅವರು ಮುಂದೆ ಹೋಗಲಿಲ್ಲ, ಪಕ್ಕಕ್ಕೂ ಬರಲಿಲ್ಲ, ಹಿಂದೆ ಉಳಿದರು. ಅವಳು ದೀಪ ಹಚ್ಚಿ, ಹಿಂದಿನ ಬಾಗಿಲು ತೆಗೆದು, ಯಾಕೆಂದು ತಿಳಿಯದೆ ಬಚ್ಚಲ ಬದಿಯ ಜಗಲಿಯ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಭಟ್ಟರು ಮನೆಯ ಸುತ್ತು ಬಂದು ಅಂಗಳದ ಆಚೆ ತುದಿಯಲ್ಲಿ ನಿಂತರು. ಕೈಯಲ್ಲಿ ಕೋಲಿರಲಿಲ್ಲ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. ಬೇಲಿಯಾಚೆ ಮೈಮೂನಮ್ಮ ಕೋಳಿಗಳನ್ನು ಗೂಡಿಗೆ ಕರೆಯುತ್ತಿದ್ದಳು.

"ಆ ಶಬ್ದ ನೀನು ಯಾವಾಗ ಕಟ್ಟಿದ್ದು?" ಎಂದರು.

"ನೀವು ಬಾಲ ಕೊಟ್ಟ ದಿನವೇ."

"ನಾನು ಆ ಪ್ರತ್ಯಯ ಮಾಡಿದ್ದೇ ಆ ಶಬ್ದಕ್ಕೆ" ಎಂದರು. "ರಾತ್ರಿಯಿಡೀ ಕೂತು. ನಿನಗೆ ಹೇಳ್ಬೇಕು ಅಂತ. ಕನ್ನಡದಲ್ಲಿ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಇಲ್ಲಿ ಬಂದು ನಿಂತ ಮೇಲೆ ಅದ್ರಲ್ಲೂ ಬರ್ಲಿಲ್ಲ. ಮನೆ ಅಂದುಬಿಟ್ಟೆ."

ಆ ಹೊಳಪು. ಅತ್ತು ತೊಳೆದ ಕಣ್ಣು ಕೂಡ ಬಿಸಿಲಿಗೆ ಹಾಗೆ ಹೊಳೆಯಬಹುದು ಎನ್ನುವುದು ವಸುಮತಿಗೆ ಈಗ ಹೊಳೆಯಿತು. ಹೊಳೆದದ್ದಕ್ಕೆ ಸಿಟ್ಟು ನೆತ್ತಿಗೇರಿತು. ಒಂದು ಮಾತಿನ ಬದಲು ಒಂದು ಭಾಷೆ ಕಟ್ಟಿದ ಮನುಷ್ಯ, ಆ ಭಾಷೆಯಲ್ಲೂ ಆ ಮಾತನ್ನು ಆಡದ ಮನುಷ್ಯ!

"ಹೇಳ್ಲಿಕ್ಕೆ ನಿಮಗೆ ಎಂತ ದಾಡಿ?" ಎಂದು ಕೂಗಿದಳು. ಬೇಲಿಯಾಚೆ ಕೋಳಿ ಕರೆಯುವ ಸದ್ದು ನಿಂತಿತು. "ಈಗಲೂ ಅಲ್ಲೇ ಯಾಕೆ ನಿಂತದ್ದು? ನಾನೇನು ಹೊರಗೆ ಕೂತದ್ದಾ? ಮುಟ್ಟಿದ್ರೆ ಮೈಲಿಗೆ ಆಗ್ತದಾ ನಿಮಗೆ?"

ಭಟ್ಟರು ಕಾಲ ಕೆಳಗಿನ ನೆಲ ನೋಡಿದರು. ಆಮೇಲೆ ನೇರ ದಾಟಿ ಬರುವ ಬದಲು, ಬೇಲಿಯ ಬುಡ ಹಿಡಿದು, ಸುತ್ತು ಬಳಸಿ, ನೆಲ ನೋಡಿ ನೋಡಿ ಹೆಜ್ಜೆಯಿಡುತ್ತ ಬರತೊಡಗಿದರು. ಎಂದೋ ಗುಡಿಸಿಹೋದ ಅಕ್ಷರಗಳಿಗೆ ಕಾಲು ತಾಗದ ಹಾಗೆ ಬರುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು.

"ತುಳಿದು ಬಾ" ಎಂದಳು ವಸುಮತಿ, ಕನ್ನಡದಲ್ಲಿ.